ಮಾರಿಕಾಂಬೆಗೆ ತವರುಮನೆ ಇದೆ, ನಮ್ಮಕ್ಕನಿಗೆ?

ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆ ಹತ್ತಿರ ಬಂತೆಂದರೆ ನವುಲೆಯ ನಮ್ಮ ಮನೆಯಲ್ಲಿ ಮೊದಲು ಕೇಳುವ ಮಾತು ಒಂದೇ. "ಅಕ್ಕನಿಗೆ ಫೋನ್ ಮಾಡಿದ್ಯೇನೋ?" ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಹೆಣ್ಣುಮಕ್ಕಳನ್ನು ಕರೆಯದೆ ಮಾಡಿದ್ದು ಹಬ್ಬವೇ ಅಲ್ಲ ಅನ್ನುವುದು ಅಮ್ಮನ ಲೆಕ್ಕ. ನಮ್ಮಕ್ಕ ಇರುವುದು ಭದ್ರಾವತಿಯಲ್ಲಿ. ಬಸ್ಸಿಗೆ ಅರ್ಧ-ಮುಕ್ಕಾಲು ಗಂಟೆ. ಆದರೂ ಕರೆಯದೆ ಬರುವಂತಿಲ್ಲ.

ಬೇರೆ ಜಿಲ್ಲೆಯವರಿಗೆ ಒಂದು ಮಾತು ಹೇಳಬೇಕು. ಈ ಜಾತ್ರೆ ಶುರುವಾಗುವುದು ಮಂಗಳವಾರ. ಮೊದಲ ದಿನ ಅಮ್ಮನವರು ಗಾಂಧಿ ಬಜಾರಿನಲ್ಲಿ ಕೂರುತ್ತಾರೆ. ಅದು ಅವರ ತವರುಮನೆ. ನಾಡಿಗ ಮನೆತನದವರು ಮೊದಲ ಪೂಜೆ ಮಾಡಿ ಉಡಿ ತುಂಬುತ್ತಾರೆ. ಆಮೇಲೆ ಊರಿನ ಹೆಂಗಸರೆಲ್ಲ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಹಸಿರು ಬಳೆ, ರವಿಕೆ ಕಣ ಹಿಡಿದು ಬಿಸಿಲಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲುತ್ತಾರೆ. ರಾತ್ರಿ ಮೆರವಣಿಗೆಯಲ್ಲಿ ಕೋಟೆಯ ಗದ್ದುಗೆಗೆ ಕರೆದೊಯ್ಯುತ್ತಾರೆ. ಅದು ಗಂಡನ ಮನೆ. ಅಲ್ಲಿ ಬೇರೆ ಬೇರೆ ಸಮುದಾಯದವರು ತಮ್ಮ ತಮ್ಮ ಸರದಿಯಲ್ಲಿ ಪೂಜೆ ಮಾಡುತ್ತಾರೆ. ಕೊನೆಗೆ ಮೆರವಣಿಗೆ ಮಾಡಿ ವನಕ್ಕೆ ಕಳಿಸಿಕೊಡುತ್ತಾರೆ.

ಅಂದರೆ ಇಡೀ ಊರು ಒಂದು ಮನೆಯಾಗಿ, ಮದುವೆಯಾದ ಮಗಳನ್ನು ಕರೆಸಿ, ಮಡಿಲು ತುಂಬಿಸಿ ಕಳಿಸುವ ಹಬ್ಬ ಇದು. ನಾನು ಪ್ರತಿ ಜಾತ್ರೆಗೂ ವರದಿ ಕಳಿಸುತ್ತೇನೆ. "ಭಕ್ತಿಭಾವದಿಂದ ಉಡಿ ತುಂಬಿದರು" ಎಂಬ ಸಾಲು ಎಷ್ಟು ಸಲ ಟೈಪ್ ಮಾಡಿದ್ದೇನೋ ನನಗೇ ಗೊತ್ತಿಲ್ಲ.

ನಾಡಿಗರದು ಊರಿಗೆ ಕಾಣುವ ಆತಿಥ್ಯ. ನವುಲೆಯಂಥ ಕಡೆ ಪ್ರತಿ ಮನೆಯೂ ಸಣ್ಣದಾಗಿ ಅದನ್ನೇ ಮಾಡುತ್ತದೆ. ಒಂದು ದಿನ ಹೋಳಿಗೆ, ಮಾರನೇ ದಿನ ಬಾಡೂಟ. ನಮ್ಮ ಮನೆಗೆ ಮೂವತ್ತು ಜನಕ್ಕೆ ಕಡಿಮೆ ಬರುವುದಿಲ್ಲ. ಮಟನ್ ಅಂಗಡಿಗೆ ಹೋಗುವುದು, ಶಾಮಿಯಾನ ಕಟ್ಟಿಸುವುದು, ನೆಂಟರ ಬೈಕ್ ನಿಲ್ಲಿಸಲು ಜಾಗ ತೋರಿಸುವುದು ಗಂಡಸರಾದ ನಮ್ಮ ಕೆಲಸ. ಇಷ್ಟು ಮಾಡಿ "ಈ ಸಲ ಜಾತ್ರೆ ಜೋರು ಮಾಡಿದ್ವಿ" ಅನ್ನುತ್ತೇವೆ. ಕಣಕ ನಾದಿ, ಹೂರಣ ರುಬ್ಬಿ, ಮಸಾಲೆ ಅರೆದು, ರಾತ್ರಿ ಹನ್ನೊಂದಕ್ಕೆ ಪಾತ್ರೆ ತಿಕ್ಕುವವರು ಅಮ್ಮ, ಅತ್ತಿಗೆ, ನನ್ನ ಹೆಂಡತಿ. ಅವರ ಜೊತೆಗೆ ಅಕ್ಕ. ಉಡಿ ತುಂಬಿಸಿಕೊಳ್ಳಲು ಕರೆಸಿದ ಮಗಳು ಬಂದ ಅರ್ಧ ಗಂಟೆಯಲ್ಲಿ ಸೆರಗು ಸಿಕ್ಕಿಸಿಕೊಂಡು ಒಲೆ ಮುಂದೆ ಇರುತ್ತಾಳೆ. "ನಿನ್ನ ಕೈ ಹೋಳಿಗೇನೇ ಬೇರೆ ಕಣೆ" ಎಂದು ಹೊಗಳಿ ನಾವು ಇನ್ನೆರಡು ಹಾಕಿಸಿಕೊಳ್ಳುತ್ತೇವೆ.

ಇದನ್ನು ಕೆಲಸದ ದೂರು ಎಂದು ಬರೆಯುತ್ತಿಲ್ಲ. ಹೇಳಬೇಕಾದದ್ದು ಗುರುವಾರದ ಕಥೆ.

2024ರ ಜಾತ್ರೆ ಮಾರ್ಚ್ 12ರಂದು ಶುರುವಾಯಿತು. ಅಪ್ಪ ಹೋದ ಮೇಲೆ ಗದ್ದೆ ಇನ್ನೂ ಭಾಗವಾಗಿರಲಿಲ್ಲ. ಸವಳಂಗ ರಸ್ತೆಯ ಆಸುಪಾಸು ಈಗ ಹೇಗಿದೆ ಎಂದು ನೋಡಿದವರಿಗೆ ಗೊತ್ತು. ಇಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು, ಕ್ರಿಕೆಟ್ ಸ್ಟೇಡಿಯಂ ಎಲ್ಲ ಬಂದ ಮೇಲೆ ಭತ್ತ ಬೆಳೆಯುತ್ತಿದ್ದ ಜಾಗವನ್ನು ಜನ ಈಗ ಅಡಿ ಲೆಕ್ಕದಲ್ಲಿ ಕೇಳುತ್ತಾರೆ. ಪತ್ರ ಬರೆಯುವವರು ಹೇಳಿದರು, "ಜಾತ್ರೆಗೆ ಹೇಗೂ ಎಲ್ಲರೂ ಬಂದಿರ್ತಾರಲ್ಲ, ತಂಗಿ ಸಹಿನೂ ಒಂದೇ ಸಲಕ್ಕೆ ಮುಗಿಸಿಬಿಡಿ." ಅಣ್ಣನಿಗೂ ಅದು ಸರಿ ಅನ್ನಿಸಿತು. ನನಗೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಮಂಗಳವಾರ ಅಕ್ಕ ಅಮ್ಮನ ಜೊತೆ ಗಾಂಧಿ ಬಜಾರಿಗೆ ಹೋಗಿ ಮಾರಿಕಾಂಬೆಗೆ ಉಡಿ ತುಂಬಿ ಬಂದಳು. ಬುಧವಾರ ಮೂವತ್ತು ಜನಕ್ಕೆ ಬಡಿಸಿದಳು. ಗುರುವಾರ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕ್ಯಾಮೆರಾ ಮುಂದೆ ಕೂತು, ಹೆಬ್ಬೆಟ್ಟು ಒತ್ತಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. ಪತ್ರದಲ್ಲಿ "ಸ್ವಸಂತೋಷದಿಂದ" ಎಂದಿತ್ತು. ಭಾನುವಾರ ಅಮ್ಮ ಒಂದು ರೇಷ್ಮೆ ಸೀರೆ ಕೊಟ್ಟು ಅವಳಿಗೆ ಉಡಿ ತುಂಬಿ ಕಳಿಸಿದಳು. ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದವನು ನಾನೇ.

ಕಾನೂನು ನನಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಡಿಪ್ಲೊಮಾ ಓದುವಾಗಲೇ ಟಿಪ್ಪಣಿ ಮಾಡಿಕೊಂಡಿದ್ದೆ. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಇತ್ತು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಬಂತು, ಮದುವೆಯಾದವರಿಗೂ ಸೇರಿ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಡಿಸಿ ಹೇಳಿತು: ಈ ಹಕ್ಕು ಹುಟ್ಟಿನಿಂದ ಬರುವಂಥದ್ದು, 2005ರಲ್ಲಿ ಅಪ್ಪ ಬದುಕಿರಲೇಬೇಕು ಎಂದೇನಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ಪಾಲುಪಟ್ಟಿಗಳನ್ನು ಮಾತ್ರ ಇದು ಮುಟ್ಟುವುದಿಲ್ಲ. ಅಪ್ಪ ಸ್ವಂತ ದುಡಿದು ತೆಗೆದ ಆಸ್ತಿಗೆ ವಿಲ್ ಬರೆದಿದ್ದರೆ ಅದರ ಮಾತು ಬೇರೆ. ನಮ್ಮದು ತಾತನಿಂದ ಬಂದ ಗದ್ದೆ. ಅಲ್ಲಿ ಅಕ್ಕನಿಗೆ ಅಣ್ಣನಷ್ಟೇ, ನನ್ನಷ್ಟೇ ಪಾಲಿತ್ತು.

"ಮದುವೆಗೆ ಖರ್ಚು ಮಾಡಿಲ್ವಾ?" ಎಂದು ಕೇಳುವವರಿದ್ದಾರೆ. ಅಣ್ಣನ ಮದುವೆಗೂ ಮಾಡಿದ್ದೆವು, ನನ್ನದಕ್ಕೂ ಮಾಡಿದ್ದೆವು. ನಮ್ಮ ಪಾಲಿನಿಂದ ಅದನ್ನು ಯಾರೂ ಕಳೆಯಲಿಲ್ಲ. "ಹಳ್ಳಿ ಕಡೆ ಹೆಣ್ಣುಮಕ್ಕಳು ಕೇಳೋದೇ ಇಲ್ಲ" ಅನ್ನುವುದು ಇನ್ನೊಂದು ಮಾತು. ಯಾಕೆ ಕೇಳುವುದಿಲ್ಲ ಎಂದು ಅಕ್ಕನನ್ನೇ ಕೇಳಿದೆ, ಸಹಿಯಾಗಿ ವರ್ಷ ಕಳೆದ ಮೇಲೆ. ಅವಳು ನಕ್ಕಳು. "ಪಾಲು ಕೇಳಿದ್ರೆ ಜಾತ್ರೆಗೆ ಕರೀತಿದ್ರಾ ನೀವು? ಬಂದು ಹೋಗೋಕೆ ಒಂದು ಮನೆ ಇರ್ಲಿ ಅಂತ ಹಾಕ್ದೆ."

ನನಗೆ ಈ ಮಾತು ಅರಗಲಿಲ್ಲ. ಮಾರಿಕಾಂಬೆಗೆ ಊರು ತವರುಮನೆ ಕಟ್ಟಿಕೊಡುವಾಗ ಏನನ್ನೂ ಬಿಟ್ಟುಕೊಡು ಎಂದು ಕೇಳುವುದಿಲ್ಲ. ಕಷ್ಟವಿದ್ದರೂ ಸಾಲ ಮಾಡಿ ಹರಕೆ ತೀರಿಸುತ್ತೇವೆ, ಅವಳು ಮುನಿದಾಳೆಂದು ಹೆದರುತ್ತೇವೆ. ಸ್ವಂತ ಮಗಳು ಮುನಿಯುವುದಿಲ್ಲ ಎಂಬ ಧೈರ್ಯದ ಮೇಲೆ ಅವಳ ತವರಿಗೆ ಒಂದು ಸಹಿಯ ಬೆಲೆ ಇಟ್ಟಿದ್ದೇವೆ.

ಇನ್ನೊಂದು ವಿಷಯ ಬರೆಯದಿದ್ದರೆ ಈ ಲೇಖನ ಅರ್ಧ ಸುಳ್ಳಾಗುತ್ತದೆ. ಅದಕ್ಕೂ ಕೆಲವು ವರ್ಷ ಮೊದಲು ನನ್ನ ಹೆಂಡತಿ ತನ್ನ ತವರಿನಲ್ಲಿ ಇಂಥದ್ದೇ ಪತ್ರಕ್ಕೆ ಸಹಿ ಹಾಕಿದ್ದಳು. ಅವಳಿಗೂ ಸೀರೆ ಸಿಕ್ಕಿತ್ತು. ಆಗ ನನಗೆ ಸಿಟ್ಟು ಬಂದು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಅದೇ ಮನುಷ್ಯ ಆ ಗುರುವಾರ ಅಕ್ಕನ ಆಧಾರ್ ಕಾರ್ಡ್ ಜೆರಾಕ್ಸ್ ಮಾಡಿಸಿ ತಂದ.

ಜಾತ್ರೆ ಸರಳ ಮಾಡಿ ಎಂದು ನಾನು ಹೇಳುವುದಿಲ್ಲ. ಮೂವತ್ತು ಜನ ಬರಲಿ, ಹೋಳಿಗೆ ಆಗಲಿ, ಮಟನ್ ಆಗಲಿ. ಆದರೆ ಹಬ್ಬಕ್ಕೆ ಕರೆಸಿದ ಹೆಣ್ಣುಮಗಳನ್ನು ಅದೇ ವಾರ ರಿಜಿಸ್ಟರ್ ಆಫೀಸಿಗೆ ಕರೆದೊಯ್ಯುವುದನ್ನು ನಿಲ್ಲಿಸೋಣ. ಪಾಲಿನ ಮಾತು ಆಡುವುದಿದ್ದರೆ ಜಾತ್ರೆಗೆ ಮುಂಚೆ, ಅವಳ ಮನೆಗೆ ಹೋಗಿ, ಅವಳ ಮಕ್ಕಳೂ ಇರುವಾಗ ಆಡಬೇಕು. ಬೇಡ ಅಂದರೆ ಅಲ್ಲಿ ಅನ್ನಲಿ. ಬೇಕು ಅಂದರೂ ಮುಂದಿನ ಮಂಗಳವಾರ ಅವಳಿಗೆ ಕರೆ ಹೋಗಬೇಕು, ಅಡಿಗೆ ಮನೆಗಲ್ಲ, ಜಗಲಿಗೆ.

ನನ್ನ ಪಾಲಿಗೆ ಬಂದದ್ದರಲ್ಲಿ ಅಕ್ಕನಿಗೆ ಒಂದಿಷ್ಟು ದಾನಪತ್ರ ಮಾಡಿಕೊಡುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೇನೆ. ಹೆಂಡತಿ ಒಪ್ಪಿದಳು, "ಮೊದ್ಲೇ ಮಾಡ್ಬೇಕಿತ್ತು" ಅಂದಳು. ಅಣ್ಣ ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಅಮ್ಮ ಏನೂ ಹೇಳಲಿಲ್ಲ, ಆದರೆ ರಾತ್ರಿ ಊಟಕ್ಕೆ ಕೂತಾಗ ತನ್ನ ತವರಿನ ಹೊಲದ ಹೆಸರು ಹೇಳಿದಳು. ಆ ಹೆಸರನ್ನು ನಾನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು.