ಚಳಿಜ್ವರಕ್ಕೆ ರಕ್ತದ ಗುಂಪು ಹೊಣೆಯೇ? – ಗೋವೆ ಕಲಿಸುವ ಪಾಠ

2030ನೆಯ ಇಸವಿಯೊಳಗೆ ದೇಶದಿಂದ ಮಲೇರಿಯವನ್ನು ತೊಲಗಿಸಬೇಕೆಂಬುದು ಭಾರತ ಸರಕಾರದ ಗುರಿ. ಹಿಂದೆ ವರ್ಷಕ್ಕೆ ಸಾವಿರಾರು ಮಂದಿಯನ್ನು ಈ ಜ್ವರ ಕಾಡುತ್ತಿದ್ದ ಗೋವೆಯಲ್ಲಿ ಈಗ ಅದರ ಹಾವಳಿ ಬಹಳ ಇಳಿದಿದೆ. ಸಂತೋಷದ ಸಂಗತಿಯೇ. ಆದರೆ ಉಳಿದಿರುವ ಜ್ವರ "ಹೊರಗಿನಿಂದ ಬಂದದ್ದು" ಎಂಬ ಮಾತು ಬಂದಾಗ ಬೆರಳು ಯಾರ ಕಡೆಗೆ ತಿರುಗುತ್ತದೆ? ವಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಹೊಟ್ಟೆಪಾಡಿಗೆ ಹೋಗಿ ಪಣಜಿ, ಮಡಗಾಂವ್, ವಾಸ್ಕೋಗಳ ಕಟ್ಟಡಗಳಲ್ಲಿ ಕಲ್ಲು ಗಾರೆ ಹೊರುವ ಕನ್ನಡಿಗ ಕೂಲಿಕಾರರ ಕಡೆಗೆ.

ಇದರ ಜತೆಗೆ ಇನ್ನೊಂದು ನಂಬಿಕೆಯೂ ಎಲ್ಲೆಡೆ ಹಬ್ಬಿದೆ. "ಓ" ಗುಂಪಿನ ರಕ್ತದವರಿಗೆ ಮಲೇರಿಯ ಬಾರದು, ಉಳಿದವರಿಗೆ ಬಿಡದು ಎಂಬುದು ಅದು. ಮೇಲ್ನೋಟಕ್ಕೆ ಈ ಎರಡಕ್ಕೂ ಸಂಬಂಧವಿಲ್ಲ. ಆದರೆ ರೋಗ ಮನುಷ್ಯನ ಹುಟ್ಟಿನಲ್ಲೇ, ಅವನ ರಕ್ತದಲ್ಲೇ ಇದೆ ಎಂಬ ಭಾವನೆ ಎರಡರ ಬುಡದಲ್ಲೂ ಇದೆ. ಅದು ಎಷ್ಟರ ಮಟ್ಟಿಗೆ ನಿಜ?

ಸ್ವಲ್ಪ ಮಟ್ಟಿಗೆ ನಿಜವೇ. ಮಲೇರಿಯದ ರೋಗಾಣು ಬೆಳೆಯುವುದು ಕೆಂಪು ರಕ್ತಕಣದೊಳಗೆ. ಆ ಕಣದ ಮೇಲ್ಮೈ ಎಲ್ಲರಲ್ಲೂ ಒಂದೇ ತೆರನಾಗಿಲ್ಲವೆಂದು ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ತೋರಿಸಿಕೊಟ್ಟರು. ಎ, ಬಿ, ಓ ಗುಂಪುಗಳು ಹೀಗೆ ತಿಳಿದುಬಂದವು. ಎ ಮತ್ತು ಬಿ ಗುಂಪುಗಳ ಕಣಗಳ ಮೇಲೆ ಒಂದು ಬಗೆಯ ಸಕ್ಕರೆಯ ಅಂಶವಿದೆ. ಓ ಗುಂಪಿನಲ್ಲಿ ಅದಿಲ್ಲ. ಫಾಲ್ಸಿಪಾರಂ ಎಂಬ ಮಾರಕ ಜಾತಿಯ ರೋಗಾಣು ಹೊಕ್ಕ ಕಣವು ಈ ಅಂಶವನ್ನು ಹಿಡಿದುಕೊಂಡು ಸುತ್ತಲಿನ ಆರೋಗ್ಯವಂತ ಕಣಗಳನ್ನು ಅಂಟಿಸಿಕೊಳ್ಳುತ್ತದೆ. ಇಂತಹ ಗೊಂಚಲುಗಳು ಮಿದುಳಿನ ಸಣ್ಣ ರಕ್ತನಾಳಗಳಲ್ಲಿ ಕಟ್ಟಿಕೊಂಡರೆ ರೋಗಿಯ ಪ್ರಾಣಕ್ಕೆ ಅಪಾಯ. ಓ ಗುಂಪಿನವರಲ್ಲಿ ಈ ಗೊಂಚಲು ಕಟ್ಟುವುದು ಕಡಿಮೆ. ಆಫ್ರಿಕದ ಮಾಲಿ ದೇಶದ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಓ ಗುಂಪಿನವರಿಗೆ ರೋಗ ವಿಷಮಿಸುವ ಸಂಭವ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟು ಕಡಿಮೆಯೆಂದು ಕಂಡುಬಂತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಡಿಮೆಯಾಗುವುದು ರೋಗದ ತೀವ್ರತೆಯೇ ಹೊರತು ರೋಗ ತಗಲುವ ಸಂಭವವಲ್ಲ. ಓ ಗುಂಪಿನವರಿಗೂ ಜ್ವರ ಬರುತ್ತದೆ. ಚಿಕಿತ್ಸೆ ತಪ್ಪಿದರೆ ಅವರೂ ಸಾಯಬಹುದು. ಮೇಲಾಗಿ ಗೋವೆಯಲ್ಲಿ ಹೆಚ್ಚಾಗಿ ಕಾಡಿದ್ದು ಫಾಲ್ಸಿಪಾರಂ ಅಲ್ಲ, ವೈವಾಕ್ಸ್ ಎಂಬ ಜಾತಿ. ಅದರ ವಿಷಯದಲ್ಲಿ ಓ ಗುಂಪಿಗೆ ಇಂತಹ ರಕ್ಷಣೆ ಸ್ಥಿರಪಟ್ಟಿಲ್ಲ.

ವೈವಾಕ್ಸ್‌ಗೆ ಸಂಬಂಧಿಸಿದ್ದು ಡಫಿ ಎಂಬ ಬೇರೆಯೇ ರಕ್ತದ ಗುಂಪು. ಈ ರೋಗಾಣು ರಕ್ತಕಣವನ್ನು ಹೊಗುವುದಕ್ಕೆ ಡಫಿ ಅಂಶವೇ ಬಾಗಿಲಿದ್ದಂತೆ ಎಂದು ಅಮೆರಿಕದ ಲೂಯಿ ಮಿಲ್ಲರ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಪಶ್ಚಿಮ ಆಫ್ರಿಕದ ಜನರಲ್ಲಿ ಬಹುತೇಕರ ರಕ್ತಕಣಗಳಲ್ಲಿ ಈ ಅಂಶವಿಲ್ಲ; ಆದುದರಿಂದ ಅಲ್ಲಿ ವೈವಾಕ್ಸ್ ಜ್ವರ ಬಹು ಅಪರೂಪ. ಆದರೆ ಈ ನಿಯಮಕ್ಕೂ ಅಪವಾದಗಳಿವೆ. ಡಫಿ ಇಲ್ಲದವರಿಗೂ ವೈವಾಕ್ಸ್ ತಗಲಿದ್ದು 2010ರಲ್ಲಿ ಮಡಗಾಸ್ಕರ್‌ನಿಂದ ವರದಿಯಾಯಿತು. ಭಾರತೀಯರಲ್ಲಿ ಬಹುಪಾಲು ಎಲ್ಲರ ರಕ್ತದಲ್ಲೂ ಈ ಬಾಗಿಲು ಇದ್ದೇ ಇದೆ. ಗೋವೆಯ ಭಾಟಕಾರನಿಗೂ ಬಾಗಲಕೋಟೆಯ ಕೂಲಿಯವನಿಗೂ ಈ ವಿಷಯದಲ್ಲಿ ಭೇದವಿಲ್ಲ.

ಇಲ್ಲಿ ಉತ್ತರ ಕನ್ನಡದ ಸಿದ್ದಿಯರ ನೆನಪಾಗುವುದು ಸಹಜ. ಪೋರ್ಚುಗೀಜರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡುಗಳನ್ನು ಸೇರಿದರು. ಅವರ ಪೂರ್ವಜರು ಆಫ್ರಿಕದವರೆಂಬುದನ್ನೂ ಇಲ್ಲಿನವರೊಡನೆ ರಕ್ತ ಬೆರೆತಿರುವುದನ್ನೂ 2011ರ ವಂಶವಾಹಿ ಅಧ್ಯಯನ ದೃಢಪಡಿಸಿತು. ಅಜ್ಜಂದಿರ ಡಫಿ ಗುಣ ಇಂದು ಯಾರಲ್ಲಿ ಉಳಿದಿದೆ ಎಂಬುದನ್ನು ಮುಖ ನೋಡಿಯಾಗಲಿ ಜಾತಿ ಕೇಳಿಯಾಗಲಿ ಹೇಳಲಾಗದು. ಪರೀಕ್ಷೆಯಿಂದ ಮಾತ್ರ ತಿಳಿದೀತು.

ಅದೇ ಕಾಡಿನ ಸೀಮೆ ಒಂದು ಕಾಲದಲ್ಲಿ ಚಳಿಜ್ವರದ ತವರು ಎನಿಸಿತ್ತು. 1940ರ ದಶಕದ ಕೊನೆಯಲ್ಲಿ, ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಕೆನರಾ ಜಿಲ್ಲೆಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಮನೆಗೆ ಡಿ.ಡಿ.ಟಿ. ಸಿಂಪಡಿಸಲಾಯಿತು. ಜ್ವರ ಇಳಿಯಿತು. ಜನರ ರಕ್ತದ ಗುಂಪು ಮೊದಲಿದ್ದುದೇ ಇತ್ತು, ಕಡಿಮೆಯಾದದ್ದು ಸೊಳ್ಳೆ.

ಗೋವೆಯ ಕಥೆಯೂ ಬೇರೆಯಲ್ಲ. ಕನ್ನಡಿಗ ಕೂಲಿಕಾರರು ಅಲ್ಲಿಗೆ ಕಾಲಿಡುವ ಎಷ್ಟೋ ಮೊದಲು ಸಾಂಕ್ರಾಮಿಕಗಳ ಕಾಟದಿಂದ ಹಳೆ ಗೋವೆ ಬರಿದಾಯಿತು. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಇತ್ತೀಚಿನ ಹಾವಳಿ ಪಣಜಿಯಲ್ಲಿ ಮೊದಲಾದದ್ದು 1980ರ ದಶಕದ ಉತ್ತರಾರ್ಧದಲ್ಲಿ, ಕಟ್ಟಡಗಳ ಭರಾಟೆಯೊಂದಿಗೆ. ಕಾಂಕ್ರೀಟಿಗೆ ಕಟ್ಟಿ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ತೊಟ್ಟಿ, ಬಾವಿ, ಇವು ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಪಟ್ಟಣದ ಸೊಳ್ಳೆಗೆ ತೊಟ್ಟಿಲಾದವು. ಹೊರಗಿನಿಂದ ಬಂದ ಕೆಲವರ ರಕ್ತದಲ್ಲಿ ರೋಗಾಣು ಇದ್ದಿರಬಹುದು. ಆದರೆ ಸೊಳ್ಳೆಯಿಲ್ಲದೆ ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟದು. ಆ ಸೊಳ್ಳೆಯನ್ನು ಸಾಕಿದ್ದು ಗುತ್ತಿಗೆದಾರನ ನೀರು. ಮೊದಲು ಕಚ್ಚಿಸಿಕೊಂಡದ್ದು ಅದರ ಪಕ್ಕದ ತಗಡಿನ ಗುಡಿಸಲಲ್ಲಿ ಮಲಗಿದ ಕೂಲಿಯವನು.

ಕಾರ್ಮಿಕರು ರಕ್ತ ಪರೀಕ್ಷೆ ಮಾಡಿಸಿ ಆರೋಗ್ಯ ಕಾರ್ಡು ಪಡೆಯಬೇಕೆಂದು ಗೋವಾ ಸರಕಾರ ನಿಯಮ ಮಾಡಿದೆ. ಅಲ್ಲಿ ಹುಡುಕುವುದು ರೋಗಾಣುವನ್ನು, ರಕ್ತದ ಗುಂಪನ್ನಲ್ಲ. ಬೇಗ ಪತ್ತೆಯಾದರೆ ಬೇಗ ಗುಣವಾಗುವುದರಿಂದ ಪರೀಕ್ಷೆಯನ್ನು ಆಕ್ಷೇಪಿಸಬೇಕಿಲ್ಲ. ಆದರೆ ಕೂಲಿಯವನ ಕಾರ್ಡು ಕೇಳುವಷ್ಟೇ ಕಟ್ಟುನಿಟ್ಟಾಗಿ ಮಾಲಿಕನ ತೊಟ್ಟಿಯ ಮುಚ್ಚಳವನ್ನೂ ನೋಡಬೇಕು. ಇಲ್ಲವಾದರೆ ನಿಯಮವು ಅನುಮಾನದ ಸಾಧನವಾದೀತು.

ಹುಟ್ಟಿನಿಂದ ಬಂದ ರಕ್ತದ ಗುಣ ನಿಜವಾಗಿ ಮುಖ್ಯವಾಗುವ ಸಂದರ್ಭವೊಂದಿದೆ. ವೈವಾಕ್ಸ್ ರೋಗಾಣು ಪಿತ್ತಜನಕಾಂಗದಲ್ಲಿ ಅಡಗಿದ್ದು ತಿಂಗಳುಗಳ ಬಳಿಕ ಮತ್ತೆ ಜ್ವರ ತರುತ್ತದೆ. ಅದನ್ನು ಬುಡಸಹಿತ ತೆಗೆಯಲು 14 ದಿನ ಪ್ರೈಮಾಕ್ವಿನ್ ಮಾತ್ರೆ ನುಂಗಬೇಕು. ಮೂರನೆಯ ದಿನ ಜ್ವರ ಬಿಟ್ಟೊಡನೆ ಮಾತ್ರೆಯನ್ನೂ ಬಿಟ್ಟು ಕೆಲಸಕ್ಕೋ ಊರಿಗೋ ಹೊರಟವನಿಗೆ ಜ್ವರ ಮರುಕಳಿಸುತ್ತದೆ. ಆದರೆ ಜಿ-6-ಪಿ-ಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುವವರಲ್ಲಿ ಈ ಮಾತ್ರೆ ರಕ್ತಕಣಗಳನ್ನೇ ಒಡೆಯಬಲ್ಲದು. ಗರ್ಭಿಣಿಯರಿಗೂ ಇದನ್ನು ಕೊಡುವಂತಿಲ್ಲ. ಮಾತ್ರೆ ತಿನ್ನುತ್ತಿರುವಾಗ ಮೂತ್ರ ಕಪ್ಪು ಬಣ್ಣಕ್ಕೆ ತಿರುಗಿದರೆ ಕೂಡಲೇ ನಿಲ್ಲಿಸಿ ವೈದ್ಯರಲ್ಲಿಗೆ ಧಾವಿಸಬೇಕು.

ಇಷ್ಟನ್ನು ರೋಗಿಗೆ ತಿಳಿಸುವುದು ಯಾವ ಭಾಷೆಯಲ್ಲಿ? ಗದಗದ ಕೂಲಿ ಹೆಂಗಸಿಗೆ ಕೊಂಕಣಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿದರೆ 14 ದಿನದ ಮಾತು ಮೂರೇ ದಿನಕ್ಕೆ ಮುಗಿದೀತು. ಕಚೇರಿಯ ಕಾಗದ ತನ್ನ ಭಾಷೆಯಲ್ಲಿ ಇಲ್ಲದಿದ್ದರೆ ಆಗುವ ಬವಣೆಯನ್ನು ಕಾಸರಗೋಡಿನ ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಅದು ಬರಿಯ ಅಭಿಮಾನದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಆದುದರಿಂದ ಗೋವೆ ತನ್ನ ಕೊನೆಯ ಹೆಜ್ಜೆ ಇಡುವಾಗ ಮಾಡಬೇಕಾದದ್ದು ಸ್ಪಷ್ಟವಿದೆ. ಕಟ್ಟಡಗಳ ನೀರಿನ ಮೇಲೆ ಕಣ್ಣಿಡಬೇಕು. ಪ್ರೈಮಾಕ್ವಿನ್ ಕೊಡುವಲ್ಲಿ ಜಿ-6-ಪಿ-ಡಿ ಪರೀಕ್ಷೆ ಬಡವನ ಕೈಗೆಟಕಬೇಕು. ಔಷಧದ ವಿಧಿಯನ್ನು ಕಾರ್ಮಿಕರ ಭಾಷೆಯಲ್ಲೇ ತಿಳಿಹೇಳಬೇಕು. ಅಲ್ಲಿ ನೆಂಟರಿಷ್ಟರಿರುವ ನಮ್ಮ ಓದುಗರು ಅವರಿಗೆ ಹೇಳಬೇಕಾದದ್ದೂ ಅಷ್ಟೇ: ಗುಂಪು ಯಾವುದೇ ಇರಲಿ, ಚಳಿಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಕೊಟ್ಟ ಮಾತ್ರೆಯನ್ನು ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಲಿ.