ಯಂತ್ರ ಹೆಸರಿಸಿದವರೇ ವಕೀಲರೆ?

ಹೋದ ತಿಂಗಳು ನಮ್ಮ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸಭೆ ಮುಗಿಸಿ ಬಸ್ಸಿಗೆ ಕಾದು ನಿಂತಿದ್ದೆ. ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಮಗನನ್ನು ಕರೆದುಕೊಂಡು ಬಂದಳು. ಆಕೆಯ ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡು ಐದು ತಿಂಗಳಾಗಿತ್ತು. "ಮೇಷ್ಟ್ರೇ, ಪರಿಹಾರದ ಅರ್ಜಿಗೆ ಗಡುವೇನೂ ಇಲ್ಲವಂತೆ. ಸುಗ್ಗಿ ಮುಗಿಸಿಕೊಂಡು, ನಾಲ್ಕು ಕಾಸು ಕೂಡಿಸಿಕೊಂಡು ಹಾಕೋಣ ಅಂತಿದ್ದೀವಿ" ಎಂದಳು. "ಯಾರು ಹೇಳಿದರು ತಾಯಿ?" ಎಂದೆ. ಮಗ ಫೋನು ತೋರಿಸಿದ. ಹಿಂದಿನವರು ಶಾನುಭೋಗರನ್ನು ಕೇಳುತ್ತಿದ್ದರು, ಆಮೇಲಿನವರು ನಮ್ಮಂಥ ಮೇಷ್ಟ್ರುಗಳನ್ನು ಕೇಳಿದರು. ಈ ಹುಡುಗ ಯಂತ್ರವನ್ನು ಕೇಳಿದ್ದ.

ಯಂತ್ರ ಅಚ್ಚುಕಟ್ಟಾದ ಕನ್ನಡದಲ್ಲಿ ಉತ್ತರ ಕೊಟ್ಟಿತ್ತು. ಕೆಳಗೆ ಬೆಂಗಳೂರಿನ ಎರಡು ಮೂರು ವಕೀಲರ ಕಚೇರಿಗಳ ಹೆಸರೂ ಇದ್ದವು. ಆದರೆ ಆ ಉತ್ತರ ಹಳೆಯದು. 1994ರ ತಿದ್ದುಪಡಿಯಿಂದ ಮೋಟಾರು ವಾಹನ ಅಪಘಾತದ ಪರಿಹಾರ ಅರ್ಜಿಗೆ ಗಡುವು ಇರಲಿಲ್ಲ, ನಿಜ. 2019ರಲ್ಲಿ ಕಾಯಿದೆ ಮತ್ತೆ ತಿದ್ದುಪಡಿಯಾಗಿ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈ ಗಡುವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ. ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಆ ನ್ಯಾಯಾಲಯ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವನ್ನೂ ಕೊಟ್ಟಿತು. ಆದರೆ ಮಧ್ಯಂತರ ಆದೇಶವನ್ನು ನೆಚ್ಚಿ ವಿಧವೆಯೊಬ್ಬಳು ಸುಗ್ಗಿಯವರೆಗೆ ಕೈಕಟ್ಟಿ ಕೂರಬಹುದೆಂದು ಯಾವ ತಿಳಿದ ವಕೀಲರೂ ಹೇಳಲಾರರು.

ಇನ್ನೊಂದು ಮಾತನ್ನು ಆ ಉತ್ತರ ಹೇಳಿರಲೇ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನಂತೆ ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡಬೇಕು. ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಕಾರ್ಖಾನೆ ಕೆಲಸಗಾರರು, ಅಂಗವಿಕಲರು, ಬಂಧನದಲ್ಲಿರುವವರು, ಇವರಿಗೂ ಆ ಹಕ್ಕುಂಟು. ಉಳಿದವರಿಗೆ ವರಮಾನದ ಮಿತಿ ಇದೆ. ಇದನ್ನು ನೋಡಿಕೊಳ್ಳುವ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುವುದು ನಮ್ಮ ತಾಲ್ಲೂಕಿನ ಕೋರ್ಟಿನ ಆವರಣದಲ್ಲೇ. ಆ ತಾಯಿ ವಾರಕ್ಕೊಮ್ಮೆ ಸಂತೆಗೆ ಹೋಗುವುದು ಅದರ ಮುಂದೆಯೇ. ಯಂತ್ರ ತೋರಿಸಿದ್ದು ಮಾತ್ರ ಬೆಂಗಳೂರಿನ ದಾರಿ.

ಇದು ಏಕೆ ಹೀಗಾಯಿತು? ಓದುಗರು ಸ್ವಲ್ಪ ತಾಳ್ಮೆಯಿಂದ ಇದನ್ನು ತಿಳಿಯಬೇಕು.

ಮೊದಲು ಗೂಗಲ್ಲಿನಲ್ಲಿ ಹುಡುಕಿದರೆ ಜಾಲತಾಣಗಳ ಪಟ್ಟಿ ಬರುತ್ತಿತ್ತು. ನಾಲ್ಕನ್ನು ತೆರೆದು, ಓದಿ, ಹೋಲಿಸಿ ನೋಡುವ ಕೆಲಸ ನಮ್ಮದಾಗಿತ್ತು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂತು. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲೂ ಆಗಸ್ಟಿನಲ್ಲಿ ಭಾರತದಲ್ಲೂ ಗೂಗಲ್ ತಾನೇ ಬರೆದ ಉತ್ತರವನ್ನು ಪಟ್ಟಿಯ ಮೇಲಿಟ್ಟು ತೋರಿಸತೊಡಗಿತು. ಯಂತ್ರ ಹಲವು ಪುಟಗಳಿಂದ ಪ್ರಶ್ನೆಗೆ ಒಪ್ಪುವ ಭಾಗಗಳನ್ನು ಆರಿಸಿ, ಹೊಸೆದು, ಒಂದೇ ಉತ್ತರವಾಗಿ ಕೊಡುತ್ತದೆ. ಜೊತೆಗೆ ಕೆಲವು ತಾಣಗಳ ಹೆಸರು ಹೇಳುತ್ತದೆ. ಹೆಸರು ಬಂದವನಿಗೆ ಕಕ್ಷಿಗಾರ ಸಿಕ್ಕ. ಹೆಸರು ಬಾರದವನು ಊರಲ್ಲಿದ್ದೂ ಇಲ್ಲದವನಾದ.

ಆದ್ದರಿಂದ ವಕೀಲರ ಜಾಲತಾಣಗಳನ್ನು ಈ ಯಂತ್ರಕ್ಕೆ ಒಪ್ಪುವಂತೆ ತಿದ್ದಿಕೊಡುವ ಹೊಸ ಕಸುಬೇ ಹುಟ್ಟಿದೆ. ಇದರ ತವರು ಅಮೆರಿಕ. ಕಕ್ಷಿಗಾರ ಕೇಳುವ ಮಾತಿನಲ್ಲೇ ಪ್ರಶ್ನೆಯನ್ನು ತಲೆಬರಹವಾಗಿ ಹಾಕಿ. ಮೊದಲ ಎರಡು ಸಾಲಿನಲ್ಲೇ ನೇರ ಉತ್ತರ ಕೊಡಿ. ಬರೆದ ವಕೀಲರ ಹೆಸರು, ಓದು, ಅನುಭವ ತಿಳಿಸಿ. ಪುಟ ತಿದ್ದಿದ ತಾರೀಕು ಹಾಕಿ. ಕಚೇರಿಯ ಹೆಸರು, ವಿಳಾಸ, ಫೋನು ಎಲ್ಲ ಕಡೆಯೂ ಒಂದೇ ರೀತಿ ಇರಲಿ. ಇದು ಪ್ರಶ್ನೆ, ಇದು ಉತ್ತರ, ಇದು ವಿಳಾಸ ಎಂದು ಯಂತ್ರಕ್ಕೆ ತಿಳಿಯುವ ಗುರುತುಗಳನ್ನು ಪುಟದ ಒಡಲಲ್ಲಿ ಸೇರಿಸಿ. ಇವು ಆ ಕಸುಬಿನವರ ಸೂತ್ರಗಳು.

ಈ ಸೂತ್ರಗಳಲ್ಲಿ ಕೆಟ್ಟದ್ದೇನಿದೆ? ನಿಜ ಹೇಳಬೇಕೆಂದರೆ ಏನೂ ಇಲ್ಲ. ಒಳ್ಳೆಯ ಮೇಷ್ಟ್ರು ಪಾಠ ಮಾಡುವುದೂ ಹೀಗೆಯೇ. ಕೆಟ್ಟದ್ದು ಇರುವುದು, ಈ ಕೆಲಸ ಹಣವಿದ್ದವರಿಗೆ ಮಾತ್ರ ಸಾಧ್ಯವಾಗುತ್ತಿರುವುದರಲ್ಲಿ. ದೊಡ್ಡ ಕಚೇರಿ ಆಳಿಟ್ಟು ನೂರು ಪುಟ ಬರೆಸುತ್ತದೆ. ತಾಲ್ಲೂಕು ಕೋರ್ಟಿನ ಎದುರು ಬಾಡಿಗೆ ಕೋಣೆಯಲ್ಲಿ ಕೂತ ಕಿರಿಯ ವಕೀಲನಿಗೆ ಗುಮಾಸ್ತನ ಸಂಬಳ ಕೊಡುವುದೇ ಕಷ್ಟ. ಯಂತ್ರಕ್ಕೆ ಇವರಿಬ್ಬರ ಯೋಗ್ಯತೆಯ ಅಂತರ ತಿಳಿಯದು. ಬರೆದಿಟ್ಟದ್ದು ಮಾತ್ರ ಅದಕ್ಕೆ ಗೊತ್ತು.

ನಮ್ಮ ದೇಶದಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲವಲ್ಲ ಎಂದು ಕೆಲವರು ಕೇಳಬಹುದು. ಹೌದು, ಭಾರತೀಯ ವಕೀಲರ ಪರಿಷತ್ತಿನ 36ನೆಯ ನಿಯಮ ಅದನ್ನು ನಿಷೇಧಿಸಿದೆ. 2008ರ ತಿದ್ದುಪಡಿ ಜಾಲತಾಣಕ್ಕೆ ಒಪ್ಪಿಗೆ ಕೊಟ್ಟಿತಾದರೂ ಹೆಸರು, ವಿಳಾಸ, ಫೋನು, ನೋಂದಣಿಯ ವಿವರ, ವಿದ್ಯಾರ್ಹತೆ, ವಕೀಲಿಯ ಕ್ಷೇತ್ರ, ಇಷ್ಟಕ್ಕೇ ಗೆರೆ ಎಳೆಯಿತು. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು, ಅಂತರಜಾಲದ ಮಧ್ಯವರ್ತಿ ತಾಣಗಳ ಮೂಲಕ ಕೆಲಸ ಹಿಡಿಯುವ ವಕೀಲರ ಮೇಲೆ ಶಿಸ್ತಿನ ಕ್ರಮಕ್ಕೆ ಸೂಚನೆ ಹೊರಡಿಸುವಂತೆ ಪರಿಷತ್ತಿಗೆ ನಿರ್ದೇಶನ ಕೊಟ್ಟಿತು. ಆದರೆ "ಅಪಘಾತವಾದರೆ ಏನು ಮಾಡಬೇಕು" ಎಂದು ನೂರು ಪುಟ ಬರೆದಿಟ್ಟರೆ ಅದು ಜಾಹೀರಾತೋ, ಜನಶಿಕ್ಷಣವೋ? ನಿಯಮ ಮಾಡಿದಾಗ ಹೀಗೆ ಉತ್ತರ ಹೊಸೆಯುವ ಯಂತ್ರ ಇರಲಿಲ್ಲ. ಈ ಸಂದಿಯಲ್ಲಿ ಧೈರ್ಯಸ್ಥರು ನುಸುಳುತ್ತಾರೆ, ನಿಯಮಕ್ಕೆ ಅಂಜುವ ಪ್ರಾಮಾಣಿಕರು ಹಿಂದೆ ಉಳಿಯುತ್ತಾರೆ.

ಹಾಗಾದರೆ ಎಲ್ಲವನ್ನೂ ನಿಷೇಧಿಸಿ ಎಂದು ಕೂಗೋಣವೆ? ನಾನು ಕೂಗಲಾರೆ. ಅಮೆರಿಕದಲ್ಲಿ ವಕೀಲರ ಜಾಹೀರಾತಿಗೆ ಬಾಗಿಲು ತೆರೆದದ್ದು 1977ರ ಬೇಟ್ಸ್ ಪ್ರಕರಣ. ಅರಿಜೋನಾ ಪ್ರಾಂತ್ಯದ ಇಬ್ಬರು ಕಿರಿಯ ವಕೀಲರು ಸಾಧಾರಣ ವರಮಾನದವರಿಗಾಗಿ ಕಚೇರಿ ತೆರೆದು, ಯಾವ ಕೆಲಸಕ್ಕೆ ಎಷ್ಟು ಶುಲ್ಕವೆಂದು ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಶುಲ್ಕ ಮೊದಲೇ ತಿಳಿದರೆ ಬಡವನಿಗೆ ಅನುಕೂಲವೇ ಹೊರತು ನಷ್ಟವಿಲ್ಲ. ಮೂರು ತಲೆಮಾರಿನ ವಕೀಲರ ಮನೆತನಕ್ಕೆ ಬೋರ್ಡೇ ಬೇಡ. ಹೊಸದಾಗಿ ಬಂದ ಕೂಲಿಕಾರನ ಮಗನಿಗೆ ಬೇಕು. ನಿಷೇಧವೂ ಕೆಲವೊಮ್ಮೆ ಉಳ್ಳವರನ್ನೇ ಕಾಯುತ್ತದೆಂಬುದನ್ನು ನಾವು ಮರೆಯಬಾರದು.

ಹಾಗೆಂದು ಯಂತ್ರವನ್ನೇ ನಂಬಿ ಕೂರುವಂತೆಯೂ ಇಲ್ಲ. ನ್ಯೂಯಾರ್ಕಿನಲ್ಲಿ ವಿಮಾನ ಸಂಸ್ಥೆಯೊಂದರ ವಿರುದ್ಧದ ದಾವೆಯಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ, ಎಲ್ಲೂ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 2023ರಲ್ಲಿ 5,000 ಡಾಲರು ದಂಡ ತೆತ್ತರು. ಕಾನೂನು ಓದಿದವರೇ ಹೀಗೆ ಎಡವಿದರೆ ಹಳ್ಳಿಯ ಹುಡುಗನನ್ನು ಏನೆನ್ನೋಣ?

ಇನ್ನು ನಮ್ಮ ಸರ್ಕಾರದ ಪಾಲು. ನಮ್ಮ ಕಚೇರಿಗಳು ಜಾಲತಾಣಕ್ಕೆ ಏರಿಸುವ ಎಷ್ಟೋ ಕನ್ನಡ ಆದೇಶಗಳು ಕಾಗದದ ಚಿತ್ರಗಳು. ಇನ್ನೆಷ್ಟೋ ನುಡಿಯ ಹಳೆಯ ಅಕ್ಷರ ಸಂಕೇತದಲ್ಲಿವೆ. ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಗೀಚು. ಯೂನಿಕೋಡಿನಲ್ಲಿ ಬರೆಯದ ಕನ್ನಡ ಈ ಯಂತ್ರಕ್ಕೆ ಮೂಕ ಕನ್ನಡ. ಸರ್ಕಾರ ಮೂಕವಾದ ಜಾಗದಲ್ಲಿ ಹಣ ಮಾತಾಡುತ್ತಿದೆ. ತಪ್ಪನ್ನು ಯಂತ್ರದ ಮೇಲೆ ಹೊರಿಸಿ ಅಧಿಕಾರಿಗಳು ನುಣುಚಿಕೊಳ್ಳುವಂತಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಜನ ಕೇಳುವ ಪ್ರಶ್ನೆಗಳಿಗೆ, ಅಪಘಾತ, ಜೀವನಾಂಶ, ಕೂಲಿ ಬಾಕಿ, ಪಹಣಿ ತಕರಾರು, ಜಾಮೀನು ಇವುಗಳಿಗೆ, ಸರಳ ಕನ್ನಡದಲ್ಲಿ ಉತ್ತರ ಬರೆಸಿ, ತಾರೀಕು ಹಾಕಿ, ಕಾಯಿದೆ ಬದಲಾದ ದಿನವೇ ತಿದ್ದಬೇಕು. ದೊಡ್ಡ ಕಚೇರಿಗಳು ಹಣ ಕೊಟ್ಟು ಕಲಿಯುತ್ತಿರುವ ಸೂತ್ರಗಳನ್ನೇ ಸಾರ್ವಜನಿಕರ ಪರವಾಗಿ ಬಳಸಲಿ. ವಕೀಲರ ಪರಿಷತ್ತು ತಿಳಿವಳಿಕೆಯ ಬರಹ ಯಾವುದು, ಗಿರಾಕಿ ಹಿಡಿಯುವ ಬರಹ ಯಾವುದು ಎಂದು ಗೆರೆ ಎಳೆದು ಹೇಳಲಿ. ತಾಲ್ಲೂಕು ವಕೀಲರ ಸಂಘಗಳು ತಮ್ಮ ಸದಸ್ಯರೆಲ್ಲರ ಹೆಸರು, ನೋಂದಣಿ ಸಂಖ್ಯೆಗಳನ್ನು ಒಂದೇ ಪುಟದಲ್ಲಿ ಸಮಾನವಾಗಿ ಪ್ರಕಟಿಸಲಿ.

ನಮ್ಮ ಕಾರ್ಯಕರ್ತರಿಗೂ ಒಂದು ಮಾತು. ಹಳ್ಳಿಗೆ ಹೋದಾಗ 15100 ಎಂಬ ಉಚಿತ ಕಾನೂನು ನೆರವಿನ ದೂರವಾಣಿ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಯಿರಿ. ಯಂತ್ರದ ಉತ್ತರ ಯಾವ ವರ್ಷದ್ದೆಂದು ಕೇಳಲು ಹುಡುಗರಿಗೆ ಕಲಿಸಿ. ಪರಿಹಾರದ ಹಣದಲ್ಲಿ ಪಾಲು ಮಾತಾಡಿಕೊಳ್ಳುವುದು ವಕೀಲರ ನಿಯಮಕ್ಕೇ ವಿರುದ್ಧವೆಂದು ತಾಯಂದಿರಿಗೆ ತಿಳಿಸಿ.

ಮರುದಿನ ಬೆಳಿಗ್ಗೆ ಆ ತಾಯಿಯೂ ಮಗನೂ ತಾಲ್ಲೂಕು ಸಮಿತಿಯ ಕಚೇರಿಗೆ ಬಂದರು. ನಾನೂ ಹೋಗಿದ್ದೆ. ಕಿರಿಯ ವಕೀಲೆಯೊಬ್ಬರನ್ನು ನೇಮಿಸಿದರು. ಗಡುವಿಗೆ ಒಂಬತ್ತು ದಿನ ಉಳಿದಿರುವಾಗ ಅರ್ಜಿ ದಾಖಲಾಯಿತು. ಆ ವಕೀಲೆಯ ಹೆಸರು ಯಾವ ಯಂತ್ರಕ್ಕೂ ಗೊತ್ತಿಲ್ಲ. ಹೊರಗೆ ಬಂದ ಮೇಲೆ ಹುಡುಗ ಕೇಳಿದ: "ಇದು ಇಲ್ಲೇ ಇತ್ತಲ್ಲ ಮೇಷ್ಟ್ರೇ, ಫೋನು ಯಾಕೆ ಹೇಳಲಿಲ್ಲ?" ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಜಿಲ್ಲೆಯ ಅಧಿಕಾರಿಗಳು. ಕೊಡುವವರೆಗೂ ನಾವು ಕೇಳುತ್ತಲೇ ಇರೋಣ.