ನಾಯಿಮರಿಯನ್ನು ತರುವ ಮುನ್ನ

ನಾಯಿಯ ಸ್ವಾಮಿನಿಷ್ಠೆಯನ್ನು ಕುರಿತು ನಾವೆಲ್ಲರೂ ಶಾಲೆಯಲ್ಲಿ ಪ್ರಬಂಧ ಬರೆದವರೇ. ನಾಯಿಗೆ ಸ್ವಾಮಿ ತೋರಬೇಕಾದ ನಿಷ್ಠೆಯನ್ನು ಕುರಿತು ಬರೆದ ನೆನಪು ಮಾತ್ರ ನನಗಿಲ್ಲ. ಈ ಎರಡನೆಯ ಪಾಠವನ್ನು ನಾನು ಕಲಿತದ್ದು ತರಗತಿಯಲ್ಲಲ್ಲ. ಮುಧೋಳದಿಂದ ತುಮಕೂರಿಗೆ ಬರುವ ಹೆದ್ದಾರಿಯಲ್ಲಿ, ತೊಡೆಯ ಮೇಲೊಂದು ಮರಿಯನ್ನಿಟ್ಟುಕೊಂಡು.

ಮುಧೋಳ ನಾಯಿಯ ಹೆಸರನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ನೀಳವಾದ ಕಾಲು, ಒಳಸರಿದ ಹೊಟ್ಟೆ, ದೂರದ ಬೇಟೆಯನ್ನು ಕಣ್ಣಿನಿಂದಲೇ ಗುರುತಿಸಿ ಅಟ್ಟಿಸಿಕೊಂಡು ಹೋಗುವ ವೇಗ ಇವು ಅದರ ಲಕ್ಷಣಗಳು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿದರು. 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರವುಳ್ಳ ಚೀಟಿಯನ್ನು ಹೊರತಂದಿತು. ಇಂಥ ನಾಯಿ ನಮ್ಮ ಮನೆಯ ಮುಂದಿದ್ದರೆ ಬೀದಿಯಲ್ಲಿ ನಮ್ಮ ಗೌರವ ಹೆಚ್ಚೀತೆಂಬುದೇ ನನ್ನ ಆಸೆಯ ಮೂಲವಾಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಸೋದರಮಾವನ ಕಾರಿನಲ್ಲಿ ನಾವಿಬ್ಬರೂ 450 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ, ಮುಧೋಳದ ಬಳಿಯ ಒಬ್ಬ ರೈತರ ಮನೆ ತಲುಪಿದೆವು. ನಾವು ಕೇಳಿದ ಪ್ರಶ್ನೆ ಒಂದೇ: ಬೆಲೆ ಎಷ್ಟು? ಆ ಹಿರಿಯರು ಕೇಳಿದ ಪ್ರಶ್ನೆಗಳು ಮೂರು: "ತಮ್ಮಾ, ಮನಿ ಹತ್ರ ಬಯಲು ಐತೇನು? ದಿನಾ ಇದನ್ನ ಓಡಸೋರು ಯಾರು? ನೀ ಪರೀಕ್ಷಾ ಬರಿಯೂಮುಂದ ಇದಕ್ಕ ಊಟ ಹಾಕೋರು ಯಾರು?" ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಮೇಲಾಗಿ ಮರಿಗೆ ಇನ್ನೂ ಆರು ವಾರ. ಎಂಟು ವಾರ ತುಂಬದೆ ತಾಯಿಯಿಂದ ಬಿಡಿಸಿ ಕೊಡುವುದಿಲ್ಲವೆಂದರು. ಮಾವ ಇನ್ನಷ್ಟು ಹಣ ಕೊಡುತ್ತೇನೆಂದಾಗ ಅವರ ಮುಖ ಗಂಟಿಕ್ಕಿತು. ನಾವು ಬರಿಗೈಯಲ್ಲಿ ಮರಳಿದೆವು. ಎಂಟು ವಾರದೊಳಗಿನ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ಸರ್ಕಾರದ ನಿಯಮಗಳೂ ಹೇಳುತ್ತವೆ ಎಂಬುದು ನನಗೆ ತಿಳಿದದ್ದು ಆಮೇಲೆ. ಒಡಹುಟ್ಟಿದ ಮರಿಗಳೊಡನೆ ಆಡುವಾಗಲೇ ಎಷ್ಟು ಬಲವಾಗಿ ಕಚ್ಚಬಾರದೆಂಬುದನ್ನು ಮರಿ ಕಲಿಯುತ್ತದೆ. ಆ ಪಾಠಶಾಲೆಯಿಂದ ಅದನ್ನು ಬೇಗನೆ ಬಿಡಿಸಿದರೆ ನಷ್ಟ ಮರಿಗೂ ಹೌದು, ನಮ್ಮ ಕೈಬೆರಳುಗಳಿಗೂ ಹೌದು.

ಆ ಎರಡು ವಾರಗಳಲ್ಲಿ ನಾನು ಉತ್ತರಗಳನ್ನು ಹುಡುಕಿದೆ. ಬೆಳಿಗ್ಗೆ ಓಡಿಸಲು ಊರಾಚೆಯ ಕೆರೆಯಂಗಳವನ್ನು ಗೊತ್ತುಮಾಡಿಕೊಂಡೆ. ಪರೀಕ್ಷೆಯ ದಿನಗಳ ಹೊಣೆಯನ್ನು ತಂಗಿ ಹೊತ್ತಳು. ತಂದೆಯವರು ಬಹಳ ಯೋಚಿಸಿ ಒಪ್ಪಿದರು. ಹಿರಿಯರ ನಿರಾಕರಣೆ ನಮಗೆ ಮಾಡಿದ ಉಪಕಾರವಿದು.

ಎರಡನೆಯ ಸಲ ಅವರು ಮರಿಯೊಡನೆ ತಾಯಿ ಮಲಗುತ್ತಿದ್ದ ಹಳೆಯ ಕೌದಿಯ ತುಂಡೊಂದನ್ನು ಕೊಟ್ಟು, ದಾರಿಯಲ್ಲಿ ಹೊಟ್ಟೆ ತುಂಬ ಉಣಿಸಬಾರದೆಂದು ಎಚ್ಚರಿಸಿದರು. ಮಾವನ ಕರುಳು ಕೇಳಲಿಲ್ಲ. ಬಾಗಲಕೋಟೆಯಲ್ಲಿ ಒಂದು ಬಟ್ಟಲು ಹಾಲು ಕುಡಿಸಿದರು. ಎಳೆಯ ಮರಿಯ ಒಳಗಿವಿಯಲ್ಲಿ ಸಮತೋಲವನ್ನು ಕಾಯುವ ಅಂಗ ಇನ್ನೂ ಪೂರ್ಣವಾಗಿ ಬಲಿತಿರುವುದಿಲ್ಲ. ವಾಹನದ ಕುಲುಕಾಟ ಅದಕ್ಕೆ ಸಹಿಸದು. ಸ್ವಲ್ಪ ದೂರದಲ್ಲೇ ಆ ಹಾಲೆಲ್ಲ ನನ್ನ ಅಂಗಿಯ ಮೇಲಾಯಿತು.

ನನ್ನ ತಪ್ಪು ಇದಕ್ಕಿಂತ ದೊಡ್ಡದು. ಅಮೀನಗಡದಲ್ಲಿ ಕರದಂಟು ಕೊಳ್ಳಲು ಇಳಿದಾಗ, ಮರಿ ನಿದ್ರಿಸುತ್ತಿದೆಯೆಂದು ಗಾಜುಗಳನ್ನು ಏರಿಸಿ ಬಾಗಿಲು ಹಾಕಿ ಹೋದೆ. ಮಾರ್ಚಿಯ ಬಿಸಿಲು. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗಿನ ಶಾಖ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರೇ ಅದರ ಮುಖ್ಯ ಉಪಾಯ. ಮರಳಿ ಬಂದಾಗ ಮರಿ ನಾಲಗೆ ಚಾಚಿ, ಬಾಗಿಲಿಗೆ ಮೂತಿಯಾನಿಸಿ ಬಿದ್ದಿತ್ತು. ನೆರಳಿಗೆ ತಂದು, ಒದ್ದೆ ಬಟ್ಟೆಯಿಂದ ಮೈಯೊರೆಸಿ, ಗಾಳಿ ಬೀಸಿ, ಗುಟುಕು ಗುಟುಕಾಗಿ ನೀರು ಕುಡಿಸಿದೆವು. ಅದು ಎದ್ದು ನಿಲ್ಲುವವರೆಗೆ ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಕರದಂಟಿನ ಪೊಟ್ಟಣವನ್ನು ಮನೆ ಮುಟ್ಟುವವರೆಗೂ ಬಿಚ್ಚಲಿಲ್ಲ.

ಆಮೇಲೆ ಎರಡು ಗಂಟೆಗೊಮ್ಮೆ ನಿಲ್ಲಿಸಿದೆವು. ಹೊಸಪೇಟೆಯ ಹೋಟೆಲಿನ ಮುಂದೆ ಮಾತ್ರ ಮರಿಯನ್ನು ನೆಲಕ್ಕೆ ಬಿಡಲಿಲ್ಲ. ನಾಲ್ಕಾರು ನಾಯಿಗಳು ಓಡಾಡಿದ ಮಣ್ಣಿನಲ್ಲಿ ಪಾರ್ವೊ ರೋಗದ ವೈರಾಣು ತಿಂಗಳುಗಟ್ಟಲೆ ಉಳಿಯಬಲ್ಲದು. ಲಸಿಕೆಗಳು ಮುಗಿಯದ ಮರಿಗೆ ಆ ರೋಗ ಮೃತ್ಯುಸಮಾನ. ಚಿತ್ರದುರ್ಗ ದಾಟುವ ಹೊತ್ತಿಗೆ ಕತ್ತಲಾಗಿತ್ತು. ಮರಿ ಕೌದಿಯಲ್ಲಿ ಮೂತಿ ಹುದುಗಿಸಿ ಮಲಗಿತ್ತು. ಅದರ ಪ್ರಪಂಚದಲ್ಲಿ ಉಳಿದಿದ್ದ ಪರಿಚಿತ ವಸ್ತು ಅದೊಂದೇ.

"ಒಂದು ನಾಯಿಗೆ ಇಷ್ಟೆಲ್ಲ ಸಂಭ್ರಮವೇ? ನಮ್ಮ ಹಳ್ಳಿಗಳಲ್ಲಿ ಮರಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಬರುತ್ತಾರೆ" ಎಂದು ಗೆಳೆಯರು ನಗುತ್ತಾರೆ. ಮಾತು ನಿಜ. ಆದರೆ ಆ ಮರಿ ಬರುವುದು ಪಕ್ಕದ ಕೇರಿಯಿಂದ. ಅದೇ ಗಾಳಿ, ಅದೇ ನೀರು. ತಾಯಿಯ ಬೊಗಳು ಕೂಡ ಕಿವಿಗೆ ಬೀಳುವಷ್ಟು ಹತ್ತಿರ. ದೂರವನ್ನು ಹೆಚ್ಚಿಸಿದವರು ನಾವು. ಆದ್ದರಿಂದ ಹೊಣೆಯನ್ನೂ ಹೆಚ್ಚಿಸಿಕೊಳ್ಳಬೇಕಾದವರು ನಾವೇ.

ಹೀಗಾಗಿ ನನ್ನ ಅಭಿಪ್ರಾಯವಿಷ್ಟು: ಆ ಹಿರಿಯರ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದವರು ಕಾರು ಹತ್ತಬಾರದು. ಎರಡು ಕೋಣೆಯ ಮನೆಯಲ್ಲಿ ಓಟದ ನಾಯಿಯನ್ನು ಸರಪಳಿಯಲ್ಲಿ ಬಿಗಿಯುವುದು ತಳಿಯ ಅಭಿಮಾನವಲ್ಲ, ಅದಕ್ಕೆ ಮಾಡುವ ಅಪಮಾನ. ನಾಯಿಯ ಪ್ರೀತಿಯೇ ಬೇಕಾದವರಿಗೆ ನಮ್ಮ ಬೀದಿಯಲ್ಲೇ ಮರಿಗಳುಂಟು. ಅವು ಹೆದ್ದಾರಿಯನ್ನೂ ಕೇಳುವುದಿಲ್ಲ, ಅಂಚೆ ಚೀಟಿಯನ್ನೂ ಕೇಳುವುದಿಲ್ಲ. ಲಸಿಕೆ, ಅನ್ನ, ನೆರಳು ಇಷ್ಟನ್ನೇ ಬೇಡುತ್ತವೆ.

ನಮ್ಮ ಮರಿ ಈಗ ಕೆರೆಯಂಗಳದಲ್ಲಿ ಓಡುವಾಗ ನನ್ನ ಕಣ್ಣು ಅದನ್ನು ಹಿಂಬಾಲಿಸಲಾರದು. ಆದರೂ ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿದೊಡನೆ ಅದು ಕಿವಿ ಮುದುರಿ ಹಿಂದೆ ಸರಿಯುತ್ತದೆ. ನಾನು ಮರೆತರೂ ಅಮೀನಗಡದ ಆ ಮಧ್ಯಾಹ್ನವನ್ನು ಅದು ಮರೆತಿಲ್ಲ. ಮರೆಯುವ ಹಕ್ಕು ನನಗೂ ಇಲ್ಲವೆಂದೇ ಇದನ್ನು ಬರೆದೆ.